ರೈಲು ಅಲ್ಲಿ ನಿಲ್ಲಲಿ, ನಾವು ಇಲ್ಲೇ ಇಳಿಯುತ್ತೇವೆ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಕಟ್ಟಿರುವ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಕುರಿತು ಹಾಸನ ಜಿಲ್ಲೆಯ ಒಬ್ಬ ರೈಲು ಪ್ರಯಾಣಿಕನಾಗಿ, ಅದಕ್ಕಿಂತ ಹೆಚ್ಚಾಗಿ ಸಕಲೇಶಪುರ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರನಾಗಿ, ಕೆಲವು ಮಾತು ಬರೆಯಬೇಕೆನಿಸಿದೆ. ಆ ನಿಲ್ದಾಣ ಬೇಡವಾಗಿತ್ತು ಎಂದು ವಾದಿಸುವವರ ಸಾಲಿನಲ್ಲಿ ನಾನಿಲ್ಲ. ಯಶವಂತಪುರ ಇನ್ನೇನು ಬಂತು ಎಂದು ಮೇಲಿನ ಬರ್ತಿನಿಂದ ಚೀಲ ಇಳಿಸಿಕೊಂಡು ಬಾಗಿಲ ಬಳಿ ನಿಂತಮೇಲೆ ರೈಲನ್ನು ನಿಲ್ದಾಣದ ಹೊರಗಿನ ಸಿಗ್ನಲ್ ಬಳಿ, ಅಂದರೆ ಔಟರ್‌ನಲ್ಲಿ ಅರ್ಧ ಗಂಟೆ ನಿಲ್ಲಿಸಿದ ಅನುಭವ ನಮ್ಮ ಕಡೆಯ ಎಲ್ಲರಿಗೂ ಇದೆ. ಪ್ಲಾಟ್‌ಫಾರ್ಮ್ ಖಾಲಿ ಇಲ್ಲದ್ದರಿಂದ ಹಾಗೆ ಆಗುತ್ತದೆ ಎಂಬುದೂ ಗೊತ್ತಿದೆ. ನನ್ನ ತಕರಾರು ಬೇರೆ. ರೈಲು ಎಲ್ಲಿ ಕೊನೆಗೊಳ್ಳಬೇಕು ಎಂಬುದು ಒಂದು ಪ್ರಶ್ನೆ, ಪ್ರಯಾಣಿಕ ಎಲ್ಲಿ ಇಳಿಯಬೇಕು ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ಎಣಿಸಿ ವೇಳಾಪಟ್ಟಿ ಮಾಡಿದರೆ ರಾಜಧಾನಿಯ ದಟ್ಟಣೆಯನ್ನು ಇಳಿಸಿ ಜಿಲ್ಲೆಯವರ ತಲೆಯ ಮೇಲೆ ಹೊರಿಸಿದಂತಾಗುತ್ತದೆ.

ಹೊಸ ಟರ್ಮಿನಲ್ ಏಕೆ ಬೇಕಾಯಿತು ಎಂಬುದನ್ನು ಮೊದಲು ನ್ಯಾಯವಾಗಿ ಹೇಳಬೇಕು. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಅದೂ ದಂಡು ಪ್ರದೇಶಕ್ಕೆ. ಜೋಲಾರಪೇಟೆಯ ಮೂಲಕ ಮದರಾಸಿಗೆ ಕೊಂಡಿ ಹಾಕಿದ ಮಾರ್ಗ ಅದು. ಮೈಸೂರಿನ ಕಡೆಯ ಹಳಿ, ತುಮಕೂರಿನ ಕಡೆಯ ಹಳಿ ಅನಂತರ ಸೇರಿ ಸಿಟಿ ಸ್ಟೇಷನ್ ಬೆಳೆಯಿತು. ಇಂದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಹೊತ್ತಿರುವ ಆ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್‌ಗಳು ಹತ್ತು, ಯಶವಂತಪುರದಲ್ಲಿ ಆರು. ಸುತ್ತಲೂ ಊರು ಬೆಳೆದು ನಿಂತಿರುವುದರಿಂದ ಎರಡರ ಬೇಲಿಯನ್ನೂ ಆಚೆಗೆ ಸರಿಸಲು ಜಾಗವಿಲ್ಲ.

ಹಾದುಹೋಗುವ ರೈಲಿಗೂ ಅಲ್ಲೇ ಕೊನೆಗೊಂಡು ಅಲ್ಲಿಂದಲೇ ಮತ್ತೆ ಹೊರಡುವ ರೈಲಿಗೂ ಇರುವ ವ್ಯತ್ಯಾಸ ಹೊರಗಿನಿಂದ ನೋಡುವವರಿಗೆ ಥಟ್ಟನೆ ಹೊಳೆಯುವುದಿಲ್ಲ. ಹಾದುಹೋಗುವ ರೈಲು ಐದೋ ಹತ್ತೋ ನಿಮಿಷ ನಿಂತು ಜಾಗ ಬಿಡುತ್ತದೆ. ಕೊನೆಗೊಳ್ಳುವ ರೈಲು ಹಾಗಲ್ಲ: ಜನ ಇಳಿಯಬೇಕು, ಎಂಜಿನ್ ಬಿಡಿಸಬೇಕು, ಖಾಲಿ ಬೋಗಿಗಳನ್ನು ಪಿಟ್ ಲೈನಿಗೆ ಎಳೆಯಬೇಕು, ಅಲ್ಲಿ ಚಕ್ರ, ಬ್ರೇಕು, ತಳಭಾಗಗಳನ್ನು ಹಳಿಯ ಕೆಳಗಿನ ಗುಂಡಿಯಲ್ಲಿ ನಿಂತು ಪರೀಕ್ಷಿಸಬೇಕು, ತೊಳೆದು ನೀರು ತುಂಬಬೇಕು, ಮತ್ತೆ ತಂದು ಪ್ಲಾಟ್‌ಫಾರ್ಮಿಗೆ ನಿಲ್ಲಿಸಿ ಜನ ಹತ್ತುವ ತನಕ ಕಾಯಬೇಕು. ಪಿಟ್ ಲೈನ್ ಖಾಲಿ ಇಲ್ಲದಿದ್ದರೆ ಬೋಗಿಗಳು ಪ್ಲಾಟ್‌ಫಾರ್ಮಿನಲ್ಲೇ ಕುಳಿತಿರುತ್ತವೆ. ಅವುಗಳ ಹಿಂದೆ ಬಂದ ರೈಲು ಔಟರ್‌ನಲ್ಲಿ ಕೂರುತ್ತದೆ. ಮೂರು ಗಂಟೆ ಒಂದು ಪ್ಲಾಟ್‌ಫಾರ್ಮನ್ನು ಹಿಡಿದಿಡುವ ಒಂದು ರೈಲಿನ ಜಾಗದಲ್ಲಿ ಹಾದುಹೋಗುವ ಹತ್ತು ರೈಲುಗಳನ್ನಾದರೂ ನಿಭಾಯಿಸಬಹುದು ಎಂಬ ಲೆಕ್ಕಕ್ಕೆ ದೊಡ್ಡ ಪಾಂಡಿತ್ಯ ಬೇಡ.

ಬೈಯಪ್ಪನಹಳ್ಳಿಯ ಟರ್ಮಿನಲ್ ಹುಟ್ಟಿದ್ದು ಈ ಲೆಕ್ಕದಿಂದ. ಸುಮಾರು 314 ಕೋಟಿ ರೂಪಾಯಿ ವೆಚ್ಚದ ಆ ನಿಲ್ದಾಣದಲ್ಲಿ ಏಳು ಪ್ಲಾಟ್‌ಫಾರ್ಮ್‌ಗಳು, ರೈಲುಗಳನ್ನು ನಿಲ್ಲಿಸಿಡಲು ಎಂಟು ಹಳಿಗಳು, ಮೂರು ಪಿಟ್ ಲೈನ್‌ಗಳು ಇವೆ. ಪೇಪರಿನಲ್ಲಿ ಬರುವ ಚಿತ್ರಗಳಲ್ಲೆಲ್ಲ ಹವಾನಿಯಂತ್ರಿತ ಹಜಾರ, ಗಾಜಿನ ಮುಖಮಂಟಪ ಕಾಣುತ್ತವೆಯೇ ಹೊರತು ಈ ಪಿಟ್ ಲೈನ್‌ಗಳನ್ನು ಯಾರೂ ತೋರಿಸುವುದಿಲ್ಲ. ನಿಲ್ದಾಣದ ನಿಜವಾದ ಆಸ್ತಿ ಅವು. ಕಟ್ಟಡ 2021ರ ಹೊತ್ತಿಗೇ ಸಿದ್ಧವಾಗಿದ್ದರೂ ಮೊದಲ ರೈಲು ಹೊರಟದ್ದು 2022ರ ಜೂನ್ 6ರಂದು, ಎರ್ನಾಕುಲಂ ಕಡೆಗೆ. ಅದೇ ತಿಂಗಳ 20ರಂದು ಪ್ರಧಾನಿ ಅದನ್ನು ಅಧಿಕೃತವಾಗಿ ಲೋಕಾರ್ಪಣೆ ಮಾಡಿದರು. ಹೌರಾ, ಪಟ್ನಾ, ಗುವಾಹಟಿ, ಅಗರ್ತಲಾ ಎಂದು ದೂರದೂರಿನ ರೈಲುಗಳು ಒಂದೊಂದಾಗಿ ಅಲ್ಲಿಗೆ ಸೇರಿಕೊಂಡವು. 2023ರ ಕೊನೆಯಲ್ಲಿ ಬಂಗಾಳದ ಮಾಲ್ದಾದಿಂದ ಬರುವ ಅಮೃತ ಭಾರತ್ ರೈಲಿಗೂ ಅದೇ ನೆಲೆಯಾಯಿತು. ಎರಡು ಹಗಲು ಎರಡು ರಾತ್ರಿ ಓಡಿ ಬಂದ ರೈಲಿಗೆ ವಿಶ್ರಾಂತಿಯೂ ಆರೈಕೆಯೂ ಬೇಕು, ಅದಕ್ಕೆ ನಗರದ ನಟ್ಟನಡುವಿನ ಪ್ಲಾಟ್‌ಫಾರ್ಮ್ ಬೇಡ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇದೆ.

ಗುವಾಹಟಿಯ ರೈಲಿಗೂ ಸಕಲೇಶಪುರದವನಿಗೂ ಏನು ಸಂಬಂಧ ಎಂದು ಬೆಂಗಳೂರಿನ ಓದುಗರು ಕೇಳಬಹುದು. ಮಲೆನಾಡಿನ ತೋಟಗಳಲ್ಲಿ ಕಾರ್ಮಿಕರು ಇರುವ ಲೈನ್ ಮನೆಗಳಲ್ಲಿ ಈಗ ಕೇಳಿಬರುವ ಭಾಷೆ ಅಸ್ಸಾಮಿ, ಬಂಗಾಳಿ, ಒಡಿಯಾ. ಸ್ಥಳೀಯವಾಗಿ ಆಳುಗಳು ಸಿಗುವುದು ಕಡಿಮೆಯಾಗಿ ಎಷ್ಟೋ ವರ್ಷಗಳಾದವು. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗಲು ತೊಡಗಿದರೆ ರೊಬಸ್ಟಾ ಕುಯ್ಲು ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಆ ನಾಲ್ಕು ತಿಂಗಳು ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರು ತಾಲ್ಲೂಕುಗಳ ತೋಟಗಳು ನಡೆಯುವುದು ಈಶಾನ್ಯದಿಂದ, ಪೂರ್ವದಿಂದ ರೈಲಿನಲ್ಲಿ ಬರುವ ಈ ಕುಟುಂಬಗಳ ಕೈಯಿಂದ. ಅವರು ಬೆಂಗಳೂರಿನಲ್ಲಿ ಇಳಿಯುವ ಜಾಗ ಈಗ ಬಹುಮಟ್ಟಿಗೆ ಇದೇ ಟರ್ಮಿನಲ್. ಅಂದರೆ ನಗರದ ದಟ್ಟಣೆ ಇಳಿಸಲು ಕಟ್ಟಿದ ನಿಲ್ದಾಣ, ಯಾರೂ ಹಾಗೆಂದು ಉದ್ದೇಶಿಸದೆಯೇ, ನಮ್ಮ ಮಲೆನಾಡಿನ ತಲೆಬಾಗಿಲಾಗಿದೆ.

ಕಳೆದ ಕುಯ್ಲಿನ ಆರಂಭದಲ್ಲಿ ನಮ್ಮ ತೋಟಕ್ಕೆ ಬರಲಿದ್ದ ಎರಡು ಕುಟುಂಬಗಳನ್ನು ಕರೆತರಲು ನಾನೂ ತೋಟದ ಲೆಕ್ಕಪತ್ರ ನೋಡುವ ನಮ್ಮ ರೈಟರೂ ಅಲ್ಲಿಗೆ ಹೋಗಿದ್ದೆವು. ಹಿಂದೆಲ್ಲ ಅವರೇ ಬಂದುಬಿಡುತ್ತಿದ್ದರು. ಈ ಬಾರಿ ಜೊತೆಯಲ್ಲಿ ಎಂಟು ತಿಂಗಳ ಕೂಸಿದೆ, ರಾತ್ರಿ ಹೊತ್ತು, ದಾರಿ ತಿಳಿಯುವುದಿಲ್ಲ ಎಂದು ಫೋನು ಮಾಡಿದ್ದರಿಂದ ಹೊರಟೆವು. ರೈಲು ಬಂದಾಗ ರಾತ್ರಿ ಹನ್ನೊಂದೂವರೆ ದಾಟಿತ್ತು. ಆರು ಜನ ದೊಡ್ಡವರು, ಮೂರು ಮಕ್ಕಳು, ಹಗ್ಗದಿಂದ ಬಿಗಿದ ಒಂದು ತಗಡಿನ ಪೆಟ್ಟಿಗೆ, ಸಿಮೆಂಟ್ ಚೀಲದಲ್ಲಿ ಕಟ್ಟಿದ ಹಾಸಿಗೆ, ಹೆಂಗಸೊಬ್ಬಳ ಕೈಯಲ್ಲಿ ಒಂದು ಪ್ರೆಶರ್ ಕುಕ್ಕರ್. ಆ ಕುಕ್ಕರಿನ ಒಳಗೆ ಕೂಸಿನ ಬಟ್ಟೆ, ಹಾಲಿನ ಬಾಟಲಿ, ಒಂದು ಪೊಟ್ಟಣ ಅವಲಕ್ಕಿ ತುರುಕಿದ್ದರು. ಎಲ್ಲಕ್ಕಿಂತ ಭದ್ರವಾದ ಚೀಲ ಅವರಿಗೆ ಅದೇ. ಹಜಾರ ಫಳಫಳ ಹೊಳೆಯುತ್ತಿತ್ತು, ಕೂಸು ಆ ಬೆಳಕಿಗೆ ಕಣ್ಣು ಕಿರಿದು ಮಾಡುತ್ತಿತ್ತು. ಅವರಲ್ಲಿ ಹಿರಿಯವ, ನಾಲ್ಕು ವರ್ಷದಿಂದ ಬರುತ್ತಿರುವವ, ಸ್ವಲ್ಪ ಕನ್ನಡ ಬಲ್ಲವ, ನನ್ನನ್ನು ಕಂಡವನೇ ಕೇಳಿದ ಮೊದಲ ಮಾತು: "ಅಣ್ಣ, ಇಲ್ಲಿಂದ ಸಕಲೇಶಪುರ ಬಸ್ಸು ಇಲ್ವಾ?"

ಇಲ್ಲ ಎಂದೆ. ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು ಒಂದೇ ಟಿಕೆಟಿನಲ್ಲಿ ಬಂದವರಿಗೆ ಮೆಜೆಸ್ಟಿಕ್‌ವರೆಗಿನ ಹತ್ತು ಹನ್ನೆರಡು ಕಿಲೋಮೀಟರಿಗೆ ಅಷ್ಟು ಹೊತ್ತಿನಲ್ಲಿ ಸಿಕ್ಕದ್ದು ಆಟೊ ಮಾತ್ರ. ಮೂರು ಆಟೊ ಬೇಕಾಯಿತು, ಒಂದೊಂದಕ್ಕೂ ಆರು ನೂರು ರೂಪಾಯಿ. ಚೌಕಾಸಿ ಮಾಡಿದ ನಮ್ಮ ರೈಟರಿಗೆ ಚಾಲಕರಲ್ಲೊಬ್ಬರು, "ವಾಪಸ್ ಬರುವಾಗ ಖಾಲಿ ಬರಬೇಕು ಸಾರ್, ನಡುರಾತ್ರಿ ನನಗೆ ಅಲ್ಲಿಂದ ಇಲ್ಲಿಗೆ ಯಾರು ಸಿಗುತ್ತಾರೆ?" ಎಂದರು. ಅವರ ಮಾತೂ ಸುಳ್ಳಲ್ಲ ಎಂದು ನನಗೆ ಆಗಲೇ ಅನಿಸಿತು. ಮೆಜೆಸ್ಟಿಕ್ ತಲುಪಿ ಬಸ್ಸು ಹಿಡಿದು ಊರು ಸೇರಿದಾಗ ಬೆಳಗಾಗಿತ್ತು. ಅವರಿಗೆ ಮೂರು ರಾತ್ರಿಯ ನಿದ್ದೆಗೆಟ್ಟದ್ದು, ನನಗೆ ಒಂದು ರಾತ್ರಿಯದು. ಅದನ್ನೇ ದೊಡ್ಡದು ಮಾಡಲು ಈ ಪತ್ರ ಬರೆಯುತ್ತಿಲ್ಲ. ಆದರೆ ಕರೆದುಕೊಂಡು ಹೋಗಲು ಯಾರೂ ಬಾರದ ನೂರಾರು ಕುಟುಂಬಗಳು ಪ್ರತಿ ಕುಯ್ಲಿಗೂ ಅದೇ ಬಾಗಿಲಲ್ಲಿ ಇಳಿಯುತ್ತವೆ.

ಹಗಲು ಹೊತ್ತಾಗಿದ್ದರೆ ಮೆಟ್ರೊ ಇತ್ತಲ್ಲ ಎನ್ನಬಹುದು. ಇತ್ತು, ಆದರೆ ಪಕ್ಕದಲ್ಲಿ ಅಲ್ಲ. ಬೈಯಪ್ಪನಹಳ್ಳಿ ಎಂಬ ಒಂದೇ ಹೆಸರಿನ ಸುತ್ತ ಮೂರು ನಿಲ್ದಾಣಗಳಿವೆ ಎಂಬುದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಚೆನ್ನೈ ಕಡೆಯ ಮುಖ್ಯ ಮಾರ್ಗದ ಮೇಲೆ ಹಳೆಯ ಚಿಕ್ಕ ಬೈಯಪ್ಪನಹಳ್ಳಿ ರೈಲು ನಿಲ್ದಾಣ ಒಂದು. ಅದರ ಮಗ್ಗುಲಿಗೆ 2011ರಲ್ಲಿ ಆರಂಭವಾದ, ನಮ್ಮ ಮೆಟ್ರೊದ ಮೊಟ್ಟಮೊದಲ ಹಂತದ ಬೈಯಪ್ಪನಹಳ್ಳಿ ನಿಲ್ದಾಣ ಇನ್ನೊಂದು. ಬಾಣಸವಾಡಿ ಕಡೆಗೆ ತಿರುಗುವ ಹಳಿಯ ಮೇಲೆ, ಮೆಟ್ರೊದಿಂದ ಒಂದೂವರೆ ಎರಡು ಕಿಲೋಮೀಟರ್ ಆಚೆ ಈ ಹೊಸ ಟರ್ಮಿನಲ್ ಮೂರನೆಯದು. ಮೆಟ್ರೊದಲ್ಲಿ ಬೈಯಪ್ಪನಹಳ್ಳಿ ಎಂದು ಕೂಗಿದಾಗ ನಂಬಿ ಇಳಿದವರು ಗಂಟುಮೂಟೆಯೊಂದಿಗೆ ರಸ್ತೆಯ ಮೇಲೆ ನಿಂತು ಟರ್ಮಿನಲ್ ಎಲ್ಲಿ ಎಂದು ಕೇಳುವುದನ್ನು ಅಲ್ಲಿ ಓಡಾಡುವವರೆಲ್ಲ ನೋಡಿರುತ್ತಾರೆ. ತಗಡಿನ ಪೆಟ್ಟಿಗೆ, ಹಾಸಿಗೆ ಸುರುಳಿಗಳನ್ನು ಮೆಟ್ರೊದೊಳಗೆ ಒಯ್ಯಲು ಅಳತೆ ತೂಕಗಳ ಮಿತಿಯಿದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಬಿಎಂಟಿಸಿ ಬಸ್ಸುಗಳು ಟರ್ಮಿನಲ್‌ಗೆ ಬರುತ್ತವೆ, ನಿಜ. ಆದರೆ ದೂರದ ರೈಲುಗಳು ತಡವಾಗಿ ಬಂದಾಗ ಅವುಗಳಿಗೂ ಇವುಗಳಿಗೂ ತಾಳೆಯಾಗುವುದಿಲ್ಲ.

ಈ ಹಿನ್ನೆಲೆ ಇಟ್ಟುಕೊಂಡೇ ನಮ್ಮ ಜಿಲ್ಲೆಗಳ ರೈಲುಗಳ ವಿಷಯಕ್ಕೆ ಬರುತ್ತೇನೆ. ಹಾಸನ–ಬೆಂಗಳೂರು ನೇರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ 1996–97ರಲ್ಲಿ. ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲ ಹಾದು ಚಿಕ್ಕಬಾಣಾವರ ಸೇರುವ ಆ ಹಳಿಯ ಮೇಲೆ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ. ಇಪ್ಪತ್ತು ವರ್ಷ ಕಾದದ್ದು ಮೂರು ಗಂಟೆಯಲ್ಲಿ ಬೆಂಗಳೂರು ಮುಟ್ಟಲು. ಅಲ್ಲಿಯವರೆಗೆ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಬೇಕಾಗಿತ್ತು. ಬೆಳಿಗ್ಗೆ ಹಾಸನ ಬಿಟ್ಟು ಸಂಜೆ ಯಶವಂತಪುರದಿಂದ ಮರಳುವ ಇಂಟರ್‌ಸಿಟಿಯಲ್ಲಿ ಕೂರುವವರು ಯಾರೆಂದು ಒಮ್ಮೆ ನೋಡಿದರೆ ಸಾಕು: ಕಿದ್ವಾಯಿಗೆ, ನಿಮ್ಹಾನ್ಸ್‌ಗೆ, ಜಯದೇವಕ್ಕೆ ತೋರಿಸಲು ಹೊರಟವರು, ಹೈಕೋರ್ಟಿನಲ್ಲಿ ಕೇಸಿದ್ದವರು, ವಿಧಾನಸೌಧದ ಯಾವುದೋ ಕಡತದ ಹಿಂದೆ ಬಿದ್ದವರು, ಸಂದರ್ಶನಕ್ಕೆ ಹೊರಟ, ಇಸ್ತ್ರಿ ಕೆಡದಂತೆ ಸೀಟಿನ ಅಂಚಿನಲ್ಲಿ ಕುಳಿತ ಹುಡುಗರು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂದಮೇಲೂ ರೋಗಿಗಳನ್ನು ರೈಲಿನಲ್ಲಿ ಕರೆದೊಯ್ಯುವುದು ಶೌಚಾಲಯವಿದೆ, ಕಾಲು ಚಾಚಬಹುದು ಎಂಬ ಕಾರಣಕ್ಕೆ. ಇವರೆಲ್ಲರೂ ಅದೇ ದಿನ ಮರಳಬೇಕಾದವರು. ಇಂಥವರಿಗೆ ಬೆಂಗಳೂರು ಎಂದರೆ ಯಶವಂತಪುರ ಅಥವಾ ಮೆಜೆಸ್ಟಿಕ್. ಅಲ್ಲಿ ಇಳಿದರೆ ಮೆಟ್ರೊ ಕೈಗೆಟಕುವಂತಿದೆ, ಸಿಟಿ ಬಸ್ಸು ಕಣ್ಣೆದುರಿಗಿದೆ. ಇವರನ್ನು ನಗರದ ಇನ್ನೊಂದು ಅಂಚಿಗೆ ಒಯ್ದು ಇಳಿಸಿದರೆ ರೈಲಿನಲ್ಲಿ ಉಳಿಸಿದ ಒಂದು ಗಂಟೆಯನ್ನು ರಸ್ತೆಯಲ್ಲಿ ಕಳೆದುಕೊಳ್ಳುತ್ತಾರೆ.

ಹಳೆಯ ನಿಲ್ದಾಣಗಳ ಮರುನಿರ್ಮಾಣ ನಡೆಯುತ್ತಿರುವ ಈ ಕಾಲದಲ್ಲಿ ಪ್ಲಾಟ್‌ಫಾರ್ಮ್‌ಗಳನ್ನು ಮುಚ್ಚಿ ಕೆಲವು ರೈಲುಗಳನ್ನು ತಾತ್ಕಾಲಿಕವಾಗಿ ಬೇರೆಡೆಗೆ ಕಳಿಸುವುದು ಅನಿವಾರ್ಯ. ಆದರೆ ತಾತ್ಕಾಲಿಕ ಎಂದದ್ದು ಕಾಯಂ ಆಗುವುದನ್ನು ನಾವು ಎಷ್ಟೋ ಬಾರಿ ಕಂಡಿದ್ದೇವೆ. ಕೆಲಸ ಮುಗಿದಮೇಲೆ ಖಾಲಿಯಾದ ಜಾಗಕ್ಕೆ ಹೊಸ ರೈಲು ಬಂದು ಕೂರುತ್ತದೆ, ಹಳೆಯದು ಹೋದಲ್ಲಿಯೇ ಉಳಿಯುತ್ತದೆ. ಜಿಲ್ಲೆಯ ರೈಲಿಗೆ ಚಿಕ್ಕ ದನಿ. ಅದನ್ನು ಸರಿಸುವುದು ಸುಲಭ.

ಇದಕ್ಕೆ ದಾರಿಯಿಲ್ಲದಿಲ್ಲ, ಮತ್ತು ಆ ದಾರಿಯನ್ನು ರೈಲ್ವೆಯವರೇ ಈಗಾಗಲೇ ಒಂದು ರೈಲಿನಲ್ಲಿ ಮಾಡಿ ತೋರಿಸಿದ್ದಾರೆ. ಮುರುಡೇಶ್ವರದಿಂದ ಹೊರಟು ಮಂಗಳೂರು, ಸಕಲೇಶಪುರ, ಹಾಸನ, ಮೈಸೂರು ಹಾದು ಬರುವ ರೈಲು ಕೊನೆಗೊಳ್ಳುವುದು ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ. ಅದರಲ್ಲಿ ಬೆಳಗಿನ ಜಾವ ಬೆಂಗಳೂರು ಮುಟ್ಟುವವರು ಸಿಟಿ ಸ್ಟೇಷನ್ನಿನಲ್ಲೇ ಇಳಿದುಕೊಳ್ಳುತ್ತಾರೆ. ಮುಂದಕ್ಕೆ ಹೋಗುವುದು ಬಹುಪಾಲು ಖಾಲಿ ಬೋಗಿಗಳು. ಆ ರೈಲು ಸಿಟಿ ಸ್ಟೇಷನ್ನಿನ ಪ್ಲಾಟ್‌ಫಾರ್ಮನ್ನು ಹಿಡಿಯುವುದು ಕೆಲವೇ ನಿಮಿಷ. ತೊಳೆಯುವುದು, ಪರೀಕ್ಷಿಸುವುದು, ನಿಲ್ಲಿಸಿಡುವುದೆಲ್ಲ ಹೊಸ ಟರ್ಮಿನಲ್‌ನ ಪಾಲಿಗೆ. ಹಳೆಯ ನಿಲ್ದಾಣದ ಹೊರೆಯೂ ಇಳಿಯಿತು, ನಮ್ಮವರು ಇಳಿಯುವ ಜಾಗವೂ ಉಳಿಯಿತು.

ಎಲ್ಲ ರೈಲುಗಳನ್ನೂ ಹೀಗೆ ಮಾಡಲಾಗದು ಎಂಬುದು ಗೊತ್ತು. ಸಿಟಿ ಸ್ಟೇಷನ್ನಿಗೆ ಮೈಸೂರಿನ ಹಳಿ ಒಂದು ತುದಿಯಿಂದ ಸೇರಿದರೆ, ಚೆನ್ನೈ ಕಡೆಯದೂ ತುಮಕೂರು ಕಡೆಯದೂ ಇನ್ನೊಂದೇ ತುದಿಯಿಂದ ಸೇರುತ್ತವೆ. ಹೀಗಾಗಿ ಮೈಸೂರಿನಿಂದ ಬಂದ ರೈಲು ನೆಟ್ಟಗೆ ದಂಡು ನಿಲ್ದಾಣದ ಕಡೆಗೆ ಹಾದುಹೋಗಬಲ್ಲದು. ಕುಣಿಗಲ್ ಮಾರ್ಗವಾಗಿ ಯಶವಂತಪುರದ ಮೂಲಕ ಬರುವ ನಮ್ಮ ರೈಲು ಹಾಗೆ ಹೋಗಬೇಕೆಂದರೆ ಎಂಜಿನನ್ನು ಹಿಂದಿನಿಂದ ಮುಂದಕ್ಕೆ ತಂದು ದಿಕ್ಕು ತಿರುಗಿಸಬೇಕು. ಅದು ದಟ್ಟಣೆಯನ್ನು ಇಳಿಸುವ ಬದಲು ಏರಿಸುವ ಕೆಲಸ. ಆದ್ದರಿಂದ ಕುಣಿಗಲ್ ಮಾರ್ಗದ ಹಗಲು ರೈಲುಗಳಿಗೆ ಸಿಟಿ ಸ್ಟೇಷನ್ ಕೊಡಿ ಎಂದು ಹಟ ಹಿಡಿಯುವ ನಮ್ಮ ಕೆಲವು ಸ್ನೇಹಿತರ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ನಮಗೆ ಯಶವಂತಪುರ ಸಾಕು. 2014ರಲ್ಲಿ ಹಸಿರು ಮಾರ್ಗದ ಮೆಟ್ರೊ ಅಲ್ಲಿಗೆ ಬಂದಮೇಲೆ ಮೆಜೆಸ್ಟಿಕ್ ಹತ್ತಿರವೇ ಆಗಿದೆ.

ನನ್ನ ಸಲಹೆ ಇಷ್ಟೇ: ಯಶವಂತಪುರದಲ್ಲಿ ಕೊನೆಗೊಳ್ಳುವ ನಮ್ಮ ರೈಲುಗಳ ಜಾಗ ಬೇರೆ ರೈಲಿಗೆ ಬೇಕೇ ಬೇಕು ಎಂದಾದರೆ, ಅವುಗಳಿಗೆ ಯಶವಂತಪುರದ ನಿಲುಗಡೆಯನ್ನು ಉಳಿಸಿಕೊಂಡೇ ಹೆಬ್ಬಾಳ, ಬಾಣಸವಾಡಿಯ ಹಳಿಯ ಮೇಲೆ ವಿಶ್ವೇಶ್ವರಯ್ಯ ಟರ್ಮಿನಲ್‌ವರೆಗೆ ವಿಸ್ತರಿಸಲಿ. ಯಶವಂತಪುರದಲ್ಲಿ ಇಳಿಯುವವರು ಇಳಿಯಲಿ. ಹೆಬ್ಬಾಳದ ಸುತ್ತಲಿನ ಕಚೇರಿಗಳಲ್ಲಿ ದುಡಿಯುವ ನಮ್ಮೂರಿನ ಮಕ್ಕಳು, ಸೋಮವಾರ ಬೆಳಿಗ್ಗೆ ಊರಿನಿಂದ ಹೊರಟವರು, ಹೆಬ್ಬಾಳದಲ್ಲೇ ಇಳಿಯಲಿ. ಅಲ್ಲಿಂದ ಮುಂದೆ ಗುವಾಹಟಿಗೋ ಹೌರಾಕ್ಕೋ ಹೋಗುವವರು ಕೊನೆಯವರೆಗೂ ಕೂರಲಿ. ಅದೇ ರೈಲು ಸಂಜೆ ಟರ್ಮಿನಲ್‌ನಿಂದ ಹೊರಟರೆ ನಮ್ಮ ತೋಟಕ್ಕೆ ಬರುವ ಕಾರ್ಮಿಕರಿಗೂ ಪ್ಲಾಟ್‌ಫಾರ್ಮ್ ದಾಟಿ ಕೂರಲು ಒಂದು ರೈಲು ಸಿಗುತ್ತದೆ. ಯಶವಂತಪುರದಿಂದ ಆಚೆಯ ಹಳಿಯಲ್ಲಿ ಜೋಡಿ ಮಾರ್ಗದ ಕೆಲಸ ಕೈಗೆತ್ತಿಕೊಂಡಿರುವುದು ಇದಕ್ಕೇ ಅನುಕೂಲವಾಗುವಂತಿದೆ. ವೇಳಾಪಟ್ಟಿ ಹೊಂದಿಸುವುದು ಕಷ್ಟ ಎಂಬ ಉತ್ತರ ಬರಬಹುದು. ಆದರೆ ಅದು ಅಸಾಧ್ಯವಲ್ಲ ಎಂಬುದಕ್ಕೆ ಚಿಕ್ಕಮಗಳೂರಿನ ಉದಾಹರಣೆಯೇ ಇದೆ. ಕಡೂರಿನಿಂದ 46 ಕಿಲೋಮೀಟರ್ ಹಳಿ ಹಾಕಿ 2013ರಲ್ಲಷ್ಟೇ ರೈಲು ಕಂಡ ಆ ಊರಿನಿಂದ 2025ರ ಜುಲೈನಲ್ಲಿ ತಿರುಪತಿಗೆ ವಾರಕ್ಕೊಮ್ಮೆಯ ರೈಲು ಆರಂಭವಾಯಿತು. ಅದು ಸಿಟಿ ಸ್ಟೇಷನ್ನಿನ ಗೋಜಿಗೇ ಹೋಗದೆ ಚಿಕ್ಕಬಾಣಾವರ, ವಿಶ್ವೇಶ್ವರಯ್ಯ ಟರ್ಮಿನಲ್, ಕೃಷ್ಣರಾಜಪುರ ಎಂದು ನಗರವನ್ನು ಬಳಸಿಕೊಂಡು ಹೋಗುತ್ತದೆ. ತಿರುಪತಿಗೆ ಹೋಗುವವರಿಗೆ ಬೆಂಗಳೂರಿನಲ್ಲಿ ಇಳಿಯುವ ಕೆಲಸವೇ ಇಲ್ಲ. ಅಂಥವರಿಗೆ ಈ ಹಾದಿಯೇ ಸರಿ.

ಈ ಚಿಕ್ಕಬಾಣಾವರ–ಬೈಯಪ್ಪನಹಳ್ಳಿ ನಂಟಿಗೆ ಇನ್ನೊಂದು ಅಧ್ಯಾಯವಿದೆ. ಪ್ರಧಾನಿ ಟರ್ಮಿನಲ್ಲನ್ನು ಲೋಕಾರ್ಪಣೆ ಮಾಡಿದ 2022ರ ಜೂನ್ 20ರಂದೇ ಬೆಂಗಳೂರು ಉಪನಗರ ರೈಲು ಯೋಜನೆಗೂ ಅಡಿಗಲ್ಲು ಹಾಕಿದರು. 148 ಕಿಲೋಮೀಟರಿನ, 15,767 ಕೋಟಿ ರೂಪಾಯಿಯ ಆ ಯೋಜನೆಯ ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರುಗಳು. ಬೈಯಪ್ಪನಹಳ್ಳಿಯಿಂದ ಬಾಣಸವಾಡಿ, ಹೆಬ್ಬಾಳ, ಯಶವಂತಪುರದ ಮೂಲಕ ಚಿಕ್ಕಬಾಣಾವರಕ್ಕೆ ಸುಮಾರು 25 ಕಿಲೋಮೀಟರ್ ಓಡಬೇಕಾದದ್ದಕ್ಕೆ ಮಲ್ಲಿಗೆ ಎಂದು ಹೆಸರು. ಹಾಸನದ ಹಳಿ, ತುಮಕೂರಿನ ಹಳಿ ಎರಡೂ ಬಂದು ಕೂಡುವ ಜಾಗ ಚಿಕ್ಕಬಾಣಾವರ. ಹಾಗಾಗಿ ಮಲ್ಲಿಗೆ ಮಾರ್ಗವೊಂದು ಓಡತೊಡಗಿದರೆ ನಾನು ಈ ಪತ್ರದಲ್ಲಿ ಬರೆದ ಅರ್ಧ ದೂರು ತಾನಾಗಿ ಕರಗುತ್ತದೆ. ಹಾಸನದಿಂದ ಬಂದವರು ಚಿಕ್ಕಬಾಣಾವರದಲ್ಲೋ ಯಶವಂತಪುರದಲ್ಲೋ ಇಳಿದು ಇನ್ನೊಂದು ರೈಲು ಹತ್ತಿ ಟರ್ಮಿನಲ್ ಸೇರಬಹುದು. ಯೋಜನೆ ಮುಗಿಸಲು ಅಂದು ಹೇಳಿದ್ದು 40 ತಿಂಗಳು. ಆ ಲೆಕ್ಕ 2025ರ ಅಕ್ಟೋಬರ್‌ಗೇ ತುಂಬಿತು, ರೈಲು ಓಡಲಿಲ್ಲ. ಇಪ್ಪತ್ತು ವರ್ಷ ಒಂದು ಹಳಿಗೆ ಕಾದ ನಮಗೆ ಇದೇನೂ ಹೊಸದಲ್ಲ ಎಂದು ಸುಮ್ಮನಾಗಬಹುದಿತ್ತು, ಆದರೆ ಅಷ್ಟರ ತನಕ ಟರ್ಮಿನಲ್‌ಗೆ ರೈಲುಗಳನ್ನು ಕಳಿಸುವ ಕೆಲಸ ಮಾತ್ರ ನಿಲ್ಲುವುದಿಲ್ಲವಲ್ಲ.

ದೆಹಲಿಯಲ್ಲಿ ಹಳೆಯ ನಿಲ್ದಾಣಗಳ ಹೊರೆ ಇಳಿಸಲೆಂದು ಆನಂದ ವಿಹಾರ್ ಟರ್ಮಿನಲ್ ತೆರೆದದ್ದು 2009ರ ಡಿಸೆಂಬರ್‌ನಲ್ಲಿ. 2010ರ ಜನವರಿಯಲ್ಲಿ ಅದರ ಪಕ್ಕಕ್ಕೇ ಮೆಟ್ರೊ ಬಂತು, ಅಂತರರಾಜ್ಯ ಬಸ್ ನಿಲ್ದಾಣ ಅಲ್ಲೇ ಇತ್ತು. ಹಳಿ, ಮೆಟ್ರೊ, ಬಸ್ಸು ಮೂರನ್ನೂ ಒಂದೇ ಅಂಗಳದಲ್ಲಿ ಕೂಡಿಸಿದ್ದರಿಂದ ಊರಿನ ಅಂಚಿನಲ್ಲಿದ್ದರೂ ಅದು ಜನರಿಗೆ ದೂರವೆನಿಸಲಿಲ್ಲ. ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹನ್ನೊಂದು ವರ್ಷ ಮೊದಲೇ ಬಂದಿತ್ತು ಎಂಬುದೇ ಸೋಜಿಗ. ಅಲ್ಲಿ ಟರ್ಮಿನಲ್ ಬರುತ್ತದೆಂದು ಗೊತ್ತಿದ್ದೂ ನಡುವಿನ ಎರಡು ಕಿಲೋಮೀಟರನ್ನು ಯಾರ ಪಾಲಿಗೂ ಬರೆಯದೆ ಬಿಟ್ಟಂತಾಯಿತು: ರೈಲ್ವೆಯ ಗೋಡೆಯೊಳಗೆ ರೈಲ್ವೆ, ಮೆಟ್ರೊದ ಗೇಟಿನೊಳಗೆ ಮೆಟ್ರೊ, ನಡುವಿನ ರಸ್ತೆ ನಗರ ಪಾಲಿಕೆಯದು. ನಮ್ಮ ಕಡೆಯೂ ಇದೇ ಕತೆ. ಹಾಸನ ನಿಲ್ದಾಣ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದು, ನಾವು ಇಳಿಯುವ ನಿಲ್ದಾಣ ಬೆಂಗಳೂರು ವಿಭಾಗದ್ದು, ಇಬ್ಬರ ಮೇಲಿನ ಕಚೇರಿ ಹುಬ್ಬಳ್ಳಿಯಲ್ಲಿ. ಪಕ್ಕದ ತುಮಕೂರಿನ ಸಂಸದರಾಗಿರುವ ವಿ. ಸೋಮಣ್ಣ ಅವರೇ ಈಗ ರೈಲ್ವೆ ರಾಜ್ಯ ಸಚಿವರು. ಕುಣಿಗಲ್ ಹಾದು ಬರುವ ಹಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವರಿಗೆ ನಕ್ಷೆ ತೋರಿಸಿ ವಿವರಿಸಬೇಕಾಗಿಲ್ಲ.

ರೈಲಿನ ವಿಸ್ತರಣೆಗೆ ಸಮಯ ಹಿಡಿಯುತ್ತದೆ ಎಂಬುದನ್ನು ಒಪ್ಪಿದರೂ ಬಸ್ಸಿಗೆ ಹಿಡಿಯಬಾರದು. ಟರ್ಮಿನಲ್ ಕಟ್ಟುವಾಗಲೇ ಅದರ ಅಂಗಳದಲ್ಲಿ ಐದು ಬಸ್ಸು ನಿಲ್ಲಲು ಜಾಗ ಬಿಡಲಾಗಿದೆ. ಅಲ್ಲಿ ಬಿಎಂಟಿಸಿ ಬಸ್ಸಿನ ಜೊತೆಗೆ ಕೆಎಸ್‌ಆರ್‌ಟಿಸಿಯ ಒಂದು ಕೆಂಪು ಬಸ್ಸಿಗೂ ಎಡೆ ಸಿಗಬಾರದೇಕೆ? ಹಾಸನ ವಿಭಾಗದ ಒಂದು, ಚಿಕ್ಕಮಗಳೂರು ವಿಭಾಗದ ಒಂದು; ಒಂದು ಹಾಸನ, ಆಲೂರು, ಸಕಲೇಶಪುರಕ್ಕೆ, ಇನ್ನೊಂದು ಬೇಲೂರು, ಮೂಡಿಗೆರೆ ಕಡೆಗೆ. ಪೂರ್ವ, ಈಶಾನ್ಯದ ರೈಲುಗಳು ಬರುವ ರಾತ್ರಿಗಳಲ್ಲಿ ಮಾತ್ರ ಬಂದರೆ ಸಾಕು, ಮತ್ತು ಗಡಿಯಾರ ನೋಡಿ ಹೊರಡುವ ಬದಲು ರೈಲು ಬಂದಮೇಲೆ ಹೊರಡಬೇಕು. ತಗಡಿನ ಪೆಟ್ಟಿಗೆಗೆ ಡಿಕ್ಕಿಯಿದ್ದರೆ, ಮುಂದಿನ ಬೋರ್ಡಿನಲ್ಲಿ ಕನ್ನಡದ ಜೊತೆಗೆ ಹಿಂದಿಯಲ್ಲೂ ಊರಿನ ಹೆಸರು ಬರೆದಿದ್ದರೆ ಅವರು ಯಾರನ್ನೂ ಕೇಳದೆ ಹತ್ತಿಕೊಳ್ಳುತ್ತಾರೆ. ಟಿಕೆಟ್ ದುಡ್ಡು ಕೊಡಲು ಆ ಜನ ಹಿಂಜರಿಯುವುದಿಲ್ಲ. ಆಟೊಗೆ ಸಾವಿರದ ಎಂಟು ನೂರು ಕೊಟ್ಟವರನ್ನು ನಾನೇ ಕಂಡಿದ್ದೇನೆ. ಬೆಳೆಗಾರರ ಸಂಘಗಳು ಯಾವ ವಾರ ಎಷ್ಟು ಜನ ಬರುತ್ತಾರೆಂಬುದನ್ನು ಮುಂಚಿತವಾಗಿ ಡಿಪೊಗೆ ತಿಳಿಸಿದರೆ ಬಸ್ಸು ಖಾಲಿ ಹೋಗುವ ಭಯವೂ ಇರುವುದಿಲ್ಲ. ಆ ಕೆಲಸದಲ್ಲಿ ಕೈಜೋಡಿಸಲು ನಾನು ಸಿದ್ಧ.

ಮುಂದಿನ ಅರೇಬಿಕಾ ಕುಯ್ಲು ನವೆಂಬರ್ ಎರಡನೇ ವಾರಕ್ಕೆ ಶುರುವಾಗುತ್ತದೆ. ಮೊದಲ ತಂಡಗಳು ದೀಪಾವಳಿ ಮುಗಿಸಿಕೊಂಡು ಹೊರಡುತ್ತವೆ. ಆ ಹೊತ್ತಿಗೆ ಒಂದು ಬಸ್ಸನ್ನಾದರೂ ಪ್ರಾಯೋಗಿಕವಾಗಿ ಟರ್ಮಿನಲ್‌ನ ಬಾಗಿಲಿಗೆ ಕಳಿಸುವಂತೆ ಹಾಸನ, ಚಿಕ್ಕಮಗಳೂರು ವಿಭಾಗಗಳ ನಿಯಂತ್ರಣಾಧಿಕಾರಿಗಳನ್ನು, ಹಾಸನದ ಇಂಟರ್‌ಸಿಟಿಗೆ ಯಶವಂತಪುರದ ನಿಲುಗಡೆಯನ್ನು ಯಾವ ಕಾರಣಕ್ಕೂ ಕೈಬಿಡದಂತೆ ನೈರುತ್ಯ ರೈಲ್ವೆಯವರನ್ನು, ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ